ತುಂಬಿದ ಬಕೆಟ್, ಒಣಗಿದ ಲದ್ದಿ

ಧನುರ್ಮಾಸದ ಒಂದು ಮುಂಜಾವು ದಾವಣಗೆರೆಯ ಹಳೆಯ ಬಡಾವಣೆಯೊಂದರಿಂದ ಕರೆ ಬಂತು. “ಕುದುರೆಗೆ ಚಳಿ ಹೊಡೆದಿದೆ ಡಾಕ್ಟರೇ, ರಾತ್ರಿಯಿಂದ ಮೇವು ಮುಟ್ಟಿಲ್ಲ.” ಹೋಗಿ ನೋಡಿದರೆ ಮದುವೆ ಮೆರವಣಿಗೆಯ ಬಿಳಿ ಹೆಣ್ಣುಕುದುರೆ. ಬೆನ್ನ ಮೇಲೆ ಎರಡು ಗೋಣಿತಾಟು, ಅದರ ಮೇಲೊಂದು ಕಂಬಳಿ. ಕೊಟ್ಟಿಗೆಯ ಬಾಗಿಲಿಗೆ ತಾಡಪಾಲು, ಮೂಲೆಯಲ್ಲಿ ಹೊಗೆಯಾಡುವ ಕೆಂಡ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತ, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು.

ಮೈಯ ಶಾಖ 38 ಡಿಗ್ರಿ ಸೆಲ್ಸಿಯಸ್. ಕುದುರೆಗೆ ಅದು ಸಹಜ. ಹಿಂದೆ ಬಿದ್ದಿದ್ದ ಲದ್ದಿ ಮಾತ್ರ ಅಡಿಕೆಯಷ್ಟು ಚಿಕ್ಕದು, ಗಟ್ಟಿ, ಮೇಲೆ ಲೋಳೆ. ಪಕ್ಕದಲ್ಲಿದ್ದ ಬಕೆಟ್‌ಗೆ ಕೈ ಅದ್ದಿದೆ, ಬೆರಳು ಸೆಡೆಯಿತು. “ಯಾವಾಗ ತುಂಬಿಸಿದಿರಿ ಯಜಮಾನರೇ?” ಎಂದೆ. “ನಿನ್ನೆ ಸಂಜೆ” ಎಂದರು. ನೀರು ಅಂಚಿನವರೆಗೆ ಹಾಗೆಯೇ ಇತ್ತು. ಕುದುರೆಗೆ ಚಳಿ ಹೊಡೆದಿರಲಿಲ್ಲ. ನೀರು ಸಾಲದೆ ಒಣಮೇವು ಕರುಳಿನಲ್ಲಿ ಕಟ್ಟಿಕೊಂಡಿತ್ತು.

ನಮ್ಮ ದಾವಣಗೆರೆ, ಚಿತ್ರದುರ್ಗದ ಮಾಗಿ ಚಳಿ ಆರೋಗ್ಯವಾಗಿರುವ, ಮೈ ಒಣಗಿರುವ ಕುದುರೆಗೆ ದೊಡ್ಡದಲ್ಲ. ಹಗಲು ಕಿರಿದಾಗುತ್ತಿದ್ದಂತೆ ಅದರ ಮೈಗೂದಲು ತಾನಾಗಿಯೇ ದಟ್ಟವಾಗುತ್ತದೆ, ಕೂದಲ ನಡುವೆ ನಿಲ್ಲುವ ಗಾಳಿಯೇ ಅದರ ಹೊದಿಕೆ. ಒಳಗಿನ ಒಲೆಯೂ ಇದೆ: ನಾರಿನ ಮೇವು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ. ಹಾಗಾಗಿ ಚಳಿಗೆಂದು ಕಾಳು ಹೆಚ್ಚಿಸಬೇಡಿ, ಒಣಹುಲ್ಲು ಹೆಚ್ಚಿಸಿ. 250 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 5 ಕಿಲೋ ಒಣಮೇವು ಬೇಕು, ಅದರಲ್ಲಿ ದೊಡ್ಡ ಪಾಲು ರಾತ್ರಿಗೆ ಇರಲಿ.

ಆದರೆ ಒಣಮೇವು ನೀರು ಬೇಡುತ್ತದೆ. ಇಷ್ಟು ತಿನ್ನುವ ಕುದುರೆ ಚಳಿಗಾಲದಲ್ಲೂ ದಿನಕ್ಕೆ 12ರಿಂದ 15 ಲೀಟರ್ ಕುಡಿಯಬೇಕು. ಕೊರೆಯುವ ನೀರನ್ನು ಅದು ಮೂಸಿ ಬಿಡುತ್ತದೆ. ಬೆಳಿಗ್ಗೆ, ಸಂಜೆ ಉಗುರುಬೆಚ್ಚಗಿನ ನೀರು ಇಡಿ. ಮೇವಿನ ಮೇಲೆ ಒಂದು ಚಮಚ ಕಲ್ಲುಪ್ಪನ್ನು ಪುಡಿ ಮಾಡಿ ಚಿಮುಕಿಸಿದರೆ ಬಾಯಾರಿಕೆ ತಾನಾಗಿ ಬರುತ್ತದೆ. ಎಷ್ಟು ಬಕೆಟ್ ಖಾಲಿಯಾಯಿತು ಎಂದು ದಿನವೂ ಲೆಕ್ಕವಿಡಿ. ನಾನು ಕೊಟ್ಟಿಗೆಗೆ ಹೋದರೆ ಮೊದಲು ನೋಡುವುದು ಬಕೆಟ್ಟನ್ನು, ಆಮೇಲೆ ಲದ್ದಿಯನ್ನು.

ಧನುರ್ಮಾಸದ ಇನ್ನೊಂದು ತೊಂದರೆ ಬಿಡುವು. ಮದುವೆಗಳಿಲ್ಲ, ಕುದುರೆ ಕಟ್ಟಿದಲ್ಲೇ ನಿಲ್ಲುತ್ತದೆ, ಹುರುಳಿ ಮಾತ್ರ ಹಿಂದಿನಷ್ಟೇ ಬೀಳುತ್ತದೆ. ನಡೆಯದ ಕುದುರೆಯ ಕರುಳೂ ನಿಧಾನವಾಗುತ್ತದೆ. ಸಂಕ್ರಾಂತಿ ಕಳೆದು ಒಮ್ಮೆಲೇ ಮೆರವಣಿಗೆಗೆ ಹೂಡಿದರೆ ಸೊಂಟ, ತೊಡೆಯ ಸ್ನಾಯು ಬಿಗಿದು, ಕಾಫಿ ಬಣ್ಣದ ಮೂತ್ರ ಮಾಡುವ ಕಾಯಿಲೆಯೂ ಬರಬಹುದು. ಕೆಲಸವಿಲ್ಲದ ದಿನ ಕಾಳು ಅರ್ಧಕ್ಕೆ ಇಳಿಸಿ, ಬಿಸಿಲೇರಿದ ಮೇಲೆ ಅರ್ಧ ಗಂಟೆಯಾದರೂ ನಡೆಸಿ.

ನಮ್ಮ ಜಿಲ್ಲೆಯವರು ಬಹಳ ಎಚ್ಚರವಾಗಿರಬೇಕಾದ ವಸ್ತು ಮೆಕ್ಕೆಜೋಳ. ಕೊಯ್ಲಿನ ಹೊತ್ತಿಗೆ ಮಳೆಯೋ ಇಬ್ಬನಿಯೋ ತಾಗಿದ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಮಾರಲಾಗದ್ದು ಕಡಿಮೆ ಬೆಲೆಗೆ ಕುದುರೆಯ ಬುಟ್ಟಿಗೆ ಬರುತ್ತದೆ. ಆ ಬೂಷ್ಟಿನ ಒಂದು ಬಗೆಯ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ. ಕುದುರೆ ತೂರಾಡುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಇದಕ್ಕೆ ಮದ್ದಿಲ್ಲ. ಪಕ್ಕದಲ್ಲೇ ಅದೇ ಕಾಳು ತಿಂದ ಎಮ್ಮೆಗೆ ಏನೂ ಆಗಿಲ್ಲ ಎಂಬ ವಾದವನ್ನು ಒಪ್ಪಬೇಡಿ. ಕುದುರೆಯಷ್ಟು ಸುಲಭವಾಗಿ ಈ ವಿಷಕ್ಕೆ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ.

ಕಂಬಳಿ ಬೇಡವೆಂದು ನಾನು ಹೇಳುವುದಿಲ್ಲ. ಮರಿಗೆ, ಮುದಿ ಕುದುರೆಗೆ, ಕಾಯಿಲೆಯಿಂದ ಬಡವಾದದ್ದಕ್ಕೆ ಚಳ್ಳಕೆರೆಯ ಉಣ್ಣೆ ಕಂಬಳಿಗಿಂತ ಒಳ್ಳೆಯದು ಇಲ್ಲ. ದಪ್ಪ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಆದ್ದರಿಂದ ಬಡವಾಗಿದೆಯೇ ಎಂದು ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡಿ. ಆದರೆ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಕುಣಿದು ಬೆವರಿದ ಮೈಮೇಲೆ ನೇರವಾಗಿ ಗೋಣಿ ಹೊದಿಸಬಾರದು. ಒದ್ದೆಯಾದ ಕೂದಲು ಒತ್ತಿಹೋಗಿ ಮೈಯ ಬಿಸಿಯನ್ನು ಸೋರಿಸುತ್ತದೆ. ಮೊದಲು ನಿಧಾನವಾಗಿ ನಡೆಸಿ, ಒಣಹುಲ್ಲಿನ ಹಿಡಿಯಿಂದ ಎದೆ, ಬೆನ್ನು, ಜೀನು ಕೂತ ಜಾಗವನ್ನು ತಿಕ್ಕಿ, ಒಣಗಿದ ಮೇಲೆ ಹೊದಿಸಿ.

ಕೊಟ್ಟಿಗೆಯಲ್ಲಿ ಹೊಗೆ ಬೇಡ. ಗಾಳಿ ನೇರವಾಗಿ ಬೀಸುವ ಬದಿಗೆ ಮರೆ ಕಟ್ಟಿ, ಮೇಲ್ಗಡೆ ತೆರೆದಿಡಿ. ಒಳಗೆ ಕುಕ್ಕುರುಗಾಲಿನಲ್ಲಿ ಕೂತಾಗ ಗಂಜಲದ ಘಾಟಿಗೆ ನಿಮ್ಮ ಕಣ್ಣು ಉರಿದರೆ, ಕುದುರೆ ಇಡೀ ರಾತ್ರಿ ಅದನ್ನೇ ಉಸಿರಾಡಿದೆ ಎಂದರ್ಥ.

ಹೊಟ್ಟೆನೋವು ಕಂಡರೆ ಬಾಟಲಿಯಿಂದ ಎಣ್ಣೆ, ಕಷಾಯ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಬಿರಿದರೆ ಉಳಿಯುವುದಿಲ್ಲ. ಮೇವು ತೆಗೆದು, ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಆ ಹೆಣ್ಣುಕುದುರೆಗೆ ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಬೆಚ್ಚನೆಯ ನೀರು ಹಾಯಿಸಿದೆ. ಯಜಮಾನರು ಅಂಗಳದಲ್ಲಿ ಅದನ್ನು ಸುತ್ತು ಹಾಕಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. “ಲದ್ದಿ ಹಾಕಿತು ಡಾಕ್ಟರೇ, ಮೆತ್ತಗಿದೆ. ಈಗ ಬಕೆಟ್‌ಗೆ ಮೂತಿ ಹಾಕಿದೆ.”