ಗೇರುಸಿಪ್ಪೆಗೆ ರೇಟು ಕಟ್ಟುವವರು ಯಾರು?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಸಣ್ಣ ಗೇರುಬೀಜ ಕಾರ್ಖಾನೆಯವರು ನನ್ನಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ತಿರುಳಿಗೆ ಒಳ್ಳೆ ರೇಟು ಉಂಟು, ಸಿಪ್ಪೆಗೆ ಯಾಕಿಲ್ಲ ಮಾರಾಯ್ರೆ?"

ಸಿಪ್ಪೆಯ ರೇಟು ನಿಂತಿರುವುದು ಅದನ್ನು ಹಿಂಡಿದಾಗ ಬರುವ ಎಣ್ಣೆಯ ಮೇಲೆ. ತಿರುಳು ತಿನ್ನುವವರು ಬೇರೆ, ಸಿಪ್ಪೆ ಎಣ್ಣೆ ಕೊಳ್ಳುವವರೇ ಬೇರೆ. ಈ ಎಣ್ಣೆಯನ್ನು ಕಾಯಿಸಿ, ಬಟ್ಟಿ ಇಳಿಸಿದರೆ ಕಾರ್ಡನಾಲ್ ಸಿಗುತ್ತದೆ. ಅದು ಫಿನಾಲ್ (ರಾಳ ಮಾಡಲು ಬಳಸುವ ರಾಸಾಯನಿಕ) ಜಾತಿಯದ್ದೇ, ಆದರೆ ಅದಕ್ಕೆ 15 ಇಂಗಾಲದ ಉದ್ದ ಸರಪಳಿ ಅಂಟಿಕೊಂಡಿರುತ್ತದೆ. ಅದರಿಂದಾಗಿಯೇ ಅದಕ್ಕೆ ನೀರು ತಡೆಯುವ ಗುಣ ಜಾಸ್ತಿ. ಹಡಗಿಗೆ ಬಳಿಯುವ ಎಪಾಕ್ಸಿ ಎಂಬ ಗಟ್ಟಿ ಬಣ್ಣ ಗಟ್ಟಿಯಾಗಲು ಬೆರೆಸುವ ಫಿನಾಲ್ಕಮೈನ್ ಇದರಿಂದಲೇ ಆಗುವುದು. ಚಳಿಯಲ್ಲೂ, ಸ್ವಲ್ಪ ಒದ್ದೆ ಇರುವ ಕಬ್ಬಿಣದ ಮೇಲೂ ಅದು ಕೆಲಸ ಮಾಡುತ್ತದೆ, ಹಾಗಾಗಿ ಹಡಗು ಕಟ್ಟುವವರಿಗೆ ಇದನ್ನು ಬಿಟ್ಟು ಬೇರೆಯದಕ್ಕೆ ಹೋಗುವುದು ಅಷ್ಟು ಸುಲಭ ಅಲ್ಲ. ಈ ಬೇಡಿಕೆ ಗಟ್ಟಿ.

ರಾಳ (ಕಾರ್ಖಾನೆಯಲ್ಲಿ ಮಾಡುವ, ಗಟ್ಟಿಯಾಗುವ ಅಂಟಿನಂಥದ್ದು) ಮಾಡುವವರದ್ದು ಹಾಗಲ್ಲ. ಅವರಿಗೆ ಫಿನಾಲ್ ಅಗ್ಗವಾದ ಕೂಡಲೇ ಕಾರ್ಡನಾಲ್ ಬೇಡ. ಫಿನಾಲ್ ಬರುವುದು ಪೆಟ್ರೋಲಿಯಂನ ಬೆಂಜೀನ್, ಪ್ರೊಪಿಲೀನ್‌ನಿಂದ. ಅಂದರೆ ಕಚ್ಚಾತೈಲ ಇಳಿದರೆ ಆ ಬಿಸಿ ನಮ್ಮ ಸಿಪ್ಪೆ ರಾಶಿಗೂ ತಟ್ಟುತ್ತದೆ. ಬ್ರೇಕ್ ಲೈನಿಂಗ್‌ನವರು ಹಳೇ ಗಿರಾಕಿಗಳು, ಆದರೆ ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಸವೆಯುವುದು ಕಮ್ಮಿ. ಅಲ್ಲಿ ದೊಡ್ಡ ಏರಿಕೆ ಬರುತ್ತದೆಂದು ನನಗನಿಸುವುದಿಲ್ಲ. ಬಾಯ್ಲರಿನಲ್ಲಿ ಸುಮ್ನೆ ಉರಿಸಲು ಕೊಳ್ಳುವವರೂ ಇದ್ದಾರೆ. ಹಡಗಿನ ಇಂಧನಕ್ಕೂ ಬೆರೆಸಿದರು, ಆದರೆ 2024ರಲ್ಲಿ ಯುರೋಪಿನ ಬಂದರುಗಳಲ್ಲಿ ಅಂಥ ಎಣ್ಣೆ ತುಂಬಿಸಿದ ಕೆಲವು ಹಡಗುಗಳಲ್ಲಿ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಹಾಳಾದ ಸುದ್ದಿ ಬಂತು. ಉರಿಸುವವರು ಕೊಡುವುದು ತಳಮಟ್ಟದ ರೇಟು, ನಮ್ಮವರು ಅದಕ್ಕೇ ಮಾರಿಬಿಡುತ್ತಾರೆ!

ಇನ್ನೊಂದು ವಿಷಯ. ಹಿಂದೆ ಬೀಜವನ್ನು ಬಿಸಿ ಎಣ್ಣೆಯಲ್ಲೇ ಹುರಿಯುತ್ತಿದ್ದರು, ಎಣ್ಣೆ ಅಲ್ಲೇ ಕುದಿದು ಹದವಾಗುತ್ತಿತ್ತು. ಈಗ ವಿಯೆಟ್ನಾಂನಲ್ಲೂ ನಮ್ಮಲ್ಲೂ ಹೆಚ್ಚಾಗಿ ಹಬೆಯಲ್ಲಿ ಬೇಯಿಸುವುದು. ಸಿಪ್ಪೆ ಹಿಂಡಿದರೆ ಬರುವುದು ಹಸಿ ಎಣ್ಣೆ, ಅದರಲ್ಲಿ ಅನಕಾರ್ಡಿಕ್ ಆಮ್ಲವೇ ಜಾಸ್ತಿ. ಕಾರ್ಡನಾಲ್‌ಗಾಗಿ ಕಾಯಿಸಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ನೊರೆ ಉಕ್ಕಿ ಕಡಾಯಿಯಿಂದ ಹೊರಗೆ ಬರುತ್ತದೆ, ಆದ್ದರಿಂದ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ನೊರೆ ಪೂರ್ತಿ ಅಡಗಿದ ಮೇಲೇ ಇಳಿಸಿ. ಮೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ, ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ಈ ಎಣ್ಣೆಯ ಭಾರತೀಯ ಮಾನಕ ಐಎಸ್ 840ರ ಪ್ರಕಾರ ನೀರಿನ ಅಂಶ ಶೇ 1 ಮೀರಬಾರದು. ನಮ್ಮ ಜೂನ್ ಮಳೆಗೆ ಶೆಡ್ಡಿನ ಹೊರಗೆ ಬಿದ್ದ ಸಿಪ್ಪೆಯಿಂದ ಇದನ್ನು ಪಾಲಿಸುವುದು ಕಷ್ಟ. ಮೇ ಕಳೆಯುವ ಮೊದಲೇ ಹಿಂಡಿಸಿ, ಸ್ಯಾಂಪಲ್ ಟೆಸ್ಟ್ ಮಾಡಿಸಿ. ದಲ್ಲಾಳಿ ರೇಟು ಹೇಳಿದಾಗ ಎಣ್ಣೆ ಯಾರಿಗೆ ಹೋಗುತ್ತದೆ, ಬಣ್ಣದವರಿಗಾ ಬಾಯ್ಲರಿಗಾ ಎಂದು ಮೊದಲು ಕೇಳಿ.