ಏಪ್ರಿಲ್ ಪತ್ರ ಜನವರಿಯಲ್ಲೇ ತಯಾರು

ಏಪ್ರಿಲ್ ತಿಂಗಳಲ್ಲಿ ನನ್ನ ಎದುರಿನ ಕುರ್ಚಿ ಖಾಲಿ ಇರುವುದೇ ಇಲ್ಲ. ಬೆಂಗಳೂರಿನ ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಎಚ್‌ಆರ್ ಕೆಲಸ ಮಾಡುತ್ತಾ ಹದಿನೆಂಟು ವರ್ಷವಾಯಿತು. ಇನ್‌ಕ್ರಿಮೆಂಟ್ ಪತ್ರ ಹಿಡಿದು ಬಂದವರ ಮೊದಲ ಮಾತು ಇವತ್ತಿಗೂ ಅದೇ: "ಸರ್, ವರ್ಷವೆಲ್ಲಾ ಕತ್ತೆ ಥರ ದುಡಿದಿದ್ದೀನಿ, ಇಷ್ಟೇನಾ?"

ದುಡಿದಿದ್ದು ಸುಳ್ಳಲ್ಲ. ಬಂದ ಹೊತ್ತು ತಪ್ಪು. ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾದರೂ ಸಂಬಳ ಹೆಚ್ಚಳಕ್ಕೆ ಒಟ್ಟು ಎಷ್ಟು ಹಣ ಎನ್ನುವುದನ್ನು ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಜನವರಿ-ಫೆಬ್ರವರಿಯಲ್ಲೇ ಗೊತ್ತುಮಾಡಿಬಿಡುತ್ತಿದ್ದರು. ಆಮೇಲೆ ಒಬ್ಬನಿಗೆ ಸಾವಿರ ಹೆಚ್ಚು ಹಾಕಬೇಕೆಂದರೆ ಇನ್ನೊಬ್ಬನದನ್ನು ಕಡಿಯಬೇಕು. ಪಟ್ಟಿ ಹಿಡಿದು ಮಾಲೀಕರ ಮುಂದೆ ಕೂತ ಪ್ಲಾಂಟ್ ಹೆಡ್‌ಗೆ ಒಬ್ಬೊಬ್ಬರ ಬಗ್ಗೆ ಒಂದೇ ವಾಕ್ಯ ಹೇಳಲು ಪುರಸೊತ್ತು. "ಒಳ್ಳೆ ಹುಡುಗ, ರಜಾ ಹಾಕಲ್ಲ" ಅಂದರೆ ಮಾಲೀಕರು ತಲೆಯಾಡಿಸಿ ಮುಂದಿನ ಹೆಸರಿಗೆ ಹೋಗುತ್ತಾರೆ.

ತಲೆಯೆತ್ತಿ ನೋಡುವಂಥ ವಾಕ್ಯ ಹೇಗೆ ಹುಟ್ಟುತ್ತದೆ? ನಮ್ಮಲ್ಲಿದ್ದ ಒಬ್ಬ ವಿಎಂಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್) ಆಪರೇಟರ್‌ನ ಕತೆ ಹೇಳುತ್ತೇನೆ. ಐಟಿಐ ಮುಗಿಸಿ ಬಂದ ಹುಡುಗ, ಮಾತು ಕಡಿಮೆ. ಒಂದು ಜಾಬ್, ಅಂದರೆ ಒಂದು ಬಗೆಯ ಬಿಡಿಭಾಗದ ಕೆಲಸ, ಮುಗಿದು ಇನ್ನೊಂದನ್ನು ಕಟ್ಟಲು ಅವನ ಮಷಿನ್ 70 ನಿಮಿಷ ನಿಲ್ಲುತ್ತಿತ್ತು. ಎಲ್ಲರದೂ ಅಷ್ಟೇ ನಿಲ್ಲುತ್ತಿತ್ತು, ಯಾರಿಗೂ ಅದು ತೊಂದರೆ ಅನ್ನಿಸಿರಲಿಲ್ಲ. ಇವನು ಮಾತ್ರ ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ: ಭಾಗವನ್ನು ಹಿಡಿದಿಡುವ ಫಿಕ್ಸ್‌ಚರ್ ಬಿಚ್ಚಲು ಇಷ್ಟು, ಅಲೆನ್ ಕೀ ಹುಡುಕಲು ಇಷ್ಟು, ಅಳತೆಯ ಗೇಜ್ ತರಲು ಕ್ವಾಲಿಟಿ ರೂಮಿಗೆ ಓಡಾಡಲು ಇಷ್ಟು. 30 ನಿಮಿಷ ಬರೀ ಹುಡುಕಾಟ, ಓಡಾಟ! ಸ್ಕ್ರ್ಯಾಪ್ ಕಬ್ಬಿಣದ ಆಂಗಲ್‌ನಲ್ಲಿ ಒಂದು ಟ್ರಾಲಿ ಮಾಡಿಸಿಕೊಂಡು, ಮಷಿನ್ ಓಡುತ್ತಿರುವಾಗಲೇ ಮುಂದಿನ ಜಾಬಿನ ಸಾಮಾನೆಲ್ಲ ಜೋಡಿಸಿಡತೊಡಗಿದ. 70 ನಿಮಿಷ 40ಕ್ಕೆ ಇಳಿಯಿತು.

ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ, ಓಡುವಾಗಲೂ ಮಾಡಬಹುದಾದ ಕೆಲಸ ಎಂದು ಎರಡಾಗಿ ವಿಂಗಡಿಸುವ ಈ ಉಪಾಯವನ್ನು ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಎಸ್‌ಎಂಇಡಿ (ಸಿಂಗಲ್ ಮಿನಿಟ್ ಎಕ್ಸ್‌ಚೇಂಜ್ ಆಫ್ ಡೈ) ಅಂತ ಅದರ ಹೆಸರು. ನಮ್ಮ ಹುಡುಗ ಆ ಹೆಸರು ಕೇಳಿರಲಿಲ್ಲ.

ಆದರೆ ಟ್ರಾಲಿಗಿಂತ ಹೆಚ್ಚು ಕೆಲಸ ಮಾಡಿದ್ದು ಅವನು ಹಾಕಿದ ಲೆಕ್ಕ. ದಿನಕ್ಕೆ ಎರಡು ಸಲ ಜಾಬ್ ಬದಲಾದರೆ ಒಂದು ಗಂಟೆ ಉಳಿತಾಯ. ನಮ್ಮಲ್ಲಿ ಆ ಮಷಿನ್ನಿನ ಗಂಟೆಯ ದರ 500 ರೂಪಾಯಿ. ತಿಂಗಳಿಗೆ 25 ದಿನವಾದರೆ 12,500. ವರ್ಷಕ್ಕೆ ಒಂದೂವರೆ ಲಕ್ಷ. ಅಂಥ ಮಷಿನ್ ನಮ್ಮಲ್ಲಿ ಎಂಟಿದ್ದವು. ಈ ಹಾಳೆಯನ್ನು ಡಿಸೆಂಬರ್‌ನಲ್ಲೇ, ತಾರೀಖು-ಹೆಸರು ಹಾಕಿ, ಸೂಪರ್‌ವೈಸರ್ ಕೈಗೆ ಕೊಟ್ಟ. "ಅವರೇ ತಮ್ಮ ಐಡಿಯಾ ಅಂದುಕೊಂಡುಬಿಟ್ಟರೆ?" ಎಂದು ಹೆದರುವವರು ಬಹಳ. ಹಾಗಾಗುವುದೂ ಉಂಟು, ಇಲ್ಲ ಅನ್ನಲ್ಲ. ಅದಕ್ಕೇ ಬಾಯಿಮಾತಿನಲ್ಲಿ ಬಿಡಬೇಡಿ, ಕೈಜನ್ ಶೀಟ್ (ಸುಧಾರಣೆಯ ಸಲಹೆ ಬರೆಯುವ ಹಾಳೆ) ಇದ್ದರೆ ಅದರಲ್ಲಿ ತುಂಬಿ ಕೊಡಿ. ಸೂಪರ್‌ವೈಸರ್‌ನ ತಲೆ ದಾಟಿ ನೇರ ಮೇಲಕ್ಕೆ ಹೋದವರಿಗೆ ಇನ್‌ಕ್ರಿಮೆಂಟ್ ಸಿಕ್ಕಿದ್ದಕ್ಕಿಂತ ನೈಟ್ ಶಿಫ್ಟ್ ಸಿಕ್ಕಿದ್ದೇ ಹೆಚ್ಚು.

ಇದೆಲ್ಲ ಸಂಬಳದ ಮಾತು. ಬಡ್ತಿಯ ಲೆಕ್ಕವೇ ಬೇರೆ, ಅದಕ್ಕೆ ಎರಡು ಕುರ್ಚಿ ಬೇಕು: ಮೇಲೆ ಒಂದು ಖಾಲಿ ಇರಬೇಕು, ಕೆಳಗಿನದನ್ನು ತುಂಬಲು ಒಬ್ಬ ಇರಬೇಕು. ಹಿಂದೆ ಒಂದು ಕಂಪನಿಯಲ್ಲಿ ಮಷಿನ್‌ಗಳನ್ನು ಕೆಲಸಕ್ಕೆ ಹೊಂದಿಸಿ ಕೊಡುವ ಬಹಳ ಜಾಣ ಸೆಟ್ಟರ್ ಒಬ್ಬನಿದ್ದ. ತನ್ನ ಕೆಲಸದ ಗುಟ್ಟು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಹಾಗಿದ್ದರೆ ಬೆಲೆ ಅಂದುಕೊಂಡಿದ್ದ. ಅವನ ಹೆಸರು ಪಟ್ಟಿಯಲ್ಲಿ ಬಂದಾಗ ಪ್ಲಾಂಟ್ ಹೆಡ್ ಕೇಳಿದ್ದು ಒಂದೇ ಪ್ರಶ್ನೆ: "ಇವನನ್ನ ಮೇಲೆ ತಗೊಂಡ್ರೆ ಆ ಲೈನ್ ಯಾರು ನೋಡ್ಕೋತಾರೆ?" ನನ್ನ ಬಳಿ ಉತ್ತರವಿರಲಿಲ್ಲ, ಹೆಸರು ಹೊಡೆದುಹಾಕಿದೆ. ಅವನ ಕೆಳಗೆ ಒಬ್ಬನನ್ನು ತಯಾರು ಮಾಡಿಸುವುದು ನನ್ನ ಕೆಲಸವೂ ಆಗಿತ್ತು. ಆರು ತಿಂಗಳಲ್ಲಿ ಆ ಸೆಟ್ಟರ್ ಬೇರೆ ಕಡೆ ಸೇರಿಕೊಂಡ.

ಟ್ರಾಲಿ ಹುಡುಗ ಹಾಗಿರಲಿಲ್ಲ. ಅಕ್ಕಪಕ್ಕದ ಮಷಿನ್ನಿನವರಿಗೂ ಅದನ್ನು ಕಲಿಸಿದ್ದ, ಹೆಲ್ಪರ್ ಒಬ್ಬನನ್ನು ಆಪರೇಟರ್ ಮಟ್ಟಕ್ಕೆ ತಂದಿದ್ದ. ಮರುವರ್ಷ ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಅವನ ಹೆಸರು ಬಂದಾಗ ಯಾರೂ ತಕರಾರು ಎತ್ತಲಿಲ್ಲ.

ಪತ್ರ ಕೊಡಲು ಕರೆದೆ. ತಿಂಗಳಿಗೆ 3,500 ರೂಪಾಯಿ ಹೆಚ್ಚಳ. ಸಾಮಾನ್ಯವಾಗಿ ಇಂಥ ಪತ್ರ ನೋಡಿದವರು ಡೆಸಿಗ್ನೇಶನ್ ಓದಿ ಕೈಕುಲುಕಿ ಹೋಗುತ್ತಾರೆ. ಬೇಸಿಕ್ ಎಷ್ಟು ಏರಿದೆ ಎಂದು ನೋಡುವವರೇ ಕಡಿಮೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಆಗ ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ, ವರ್ಷಕ್ಕೆ 15 ದಿನದ ಸಂಬಳದಂತೆ ಲೆಕ್ಕ ಹಾಕುತ್ತಿದ್ದುದರಿಂದ, ಅವತ್ತು ಏರಿದ ಬೇಸಿಕ್ ಹಿಂದೆ ದುಡಿದ ವರ್ಷಗಳಿಗೂ ಅನ್ವಯಿಸುತ್ತಿತ್ತು. ಅಲೋಯನ್ಸ್‌ನಲ್ಲಿ ಕೊಟ್ಟ ಹೆಚ್ಚಳಕ್ಕೆ ಆ ಗುಣವಿರಲಿಲ್ಲ.

ಹುಡುಗ ಬೇಸಿಕ್ ನೋಡಿದ. ಆಮೇಲೆ ಜೇಬಿನಿಂದ ಅದೇ ಹಳೆಯ ನೋಟ್‌ಬುಕ್ ತೆಗೆದು ಕೊನೆಯ ಪುಟ ತಿರುಗಿಸಿ ನನ್ನ ಮುಂದಿಟ್ಟ. ಹನ್ನೆರಡು ತಿಂಗಳ ಓಟಿ (ಓವರ್‌ಟೈಮ್), ದುಪ್ಪಟ್ಟು ದರದಲ್ಲಿ ಬಂದ ಹಣ, ಸರಾಸರಿ ತಿಂಗಳಿಗೆ 4,200. "ಇನ್‌ಚಾರ್ಜ್ ಆದ್ಮೇಲೆ ಓಟಿ ಇರಲ್ಲ ಅಲ್ವಾ ಸರ್?"

ಇರುತ್ತಿರಲಿಲ್ಲ. ಪತ್ರವನ್ನು ವಾಪಸ್ ತೆಗೆದುಕೊಂಡು, ನೋಟ್‌ಬುಕ್ಕನ್ನೂ ಕೇಳಿ ಇಸಿದುಕೊಂಡು ಪ್ಲಾಂಟ್ ಹೆಡ್ ರೂಮಿಗೆ ಹೋದೆ.