ಗುಡ್ಡದ ಓಟವನ್ನು ಕಿಲೋಮೀಟರ್‌ನಲ್ಲಲ್ಲ, ನಿಮಿಷಗಳಲ್ಲಿ ಅಳೆಯಿರಿ

ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ 16ರಿಂದ 18 ವಾರಗಳ ತರಬೇತಿ ಯೋಜನೆ ಹಾಕಿಕೊಂಡು ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ತಿಂಗಳಿಗೆ ಬಂದು ನಿಲ್ಲುತ್ತೇವೆ. ಅದಕ್ಕೂ ಮೊದಲಿನ ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಅಡಿಪಾಯ ಕಟ್ಟುವ ಕಾಲ; ಪುಣೆಯ ಸುತ್ತಲಿನ ಗುಡ್ಡಗಳು ಹಸಿರಾಗಿ ಎಲ್ಲರನ್ನೂ ಕರೆಯುವ ಕಾಲವೂ ಅದೇ. ಹೀಗಾಗಿ ಕೋಥರೂಡ್‌ನ ನನ್ನ ಫಿಸಿಯೋಥೆರಪಿ ಕೊಠಡಿಗೆ ಪ್ರತಿ ಮಳೆಗಾಲದಲ್ಲೂ ಒಂದೇ ದೂರು ಬರುತ್ತದೆ. ಧಾರವಾಡದ ಕಡೆಯ ಓಟಗಾರರೊಬ್ಬರು ಅದನ್ನು ಹೇಳಿದ್ದು ಹೀಗೆ: "ರಸ್ತಾದ ಮ್ಯಾಲೆ ಹತ್ತು ಕಿಲೋಮೀಟರ್ ಆರಾಮ ಓಡ್ತೀನ್ರೀ ಡಾಕ್ಟ್ರ, ಟೇಕಡಿ ಮ್ಯಾಲೆ ಆರಕ್ಕs ತೊಡಿ ಹಿಡೀತಾವು."

ಅವರ ತೊಡೆಯಲ್ಲಿ ದೋಷವೇನೂ ಇರಲಿಲ್ಲ. ಯೋಜನೆಯಲ್ಲಿ ಬರೆದಿದ್ದ ಹತ್ತು ಕಿಲೋಮೀಟರ್ ಸುಲಭ ಓಟವನ್ನು ಅವರು ಹಾಗೆಯೇ ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಎತ್ತಿಕೊಂಡು ಹೋಗಿದ್ದರು. ಗುಡ್ಡದ ಮೇಲೆ ಕಿಲೋಮೀಟರ್ ಎಂಬ ಅಳತೆ ಶ್ರಮದ ಲೆಕ್ಕ ಕೊಡುವುದಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿಯೇ ನಡಿಗೆಗೆ ಒಂದು ಸೂತ್ರ ಕೊಟ್ಟಿದ್ದರು: ಪ್ರತಿ ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರ್‌ಗೆ, ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಪುಣೆಯ ಹತ್ತಿರ ಆತ್ಕರವಾಡಿ ಹಳ್ಳಿಯಿಂದ ಸಿಂಹಗಡ ಕೋಟೆಗೆ ಏರುವ ಕಾಲುದಾರಿ ಮೂರು ಕಿಲೋಮೀಟರ್‌ನ ಆಸುಪಾಸಿನದು, ಏರಿಕೆ ಮಾತ್ರ ಸುಮಾರು 600 ಮೀಟರ್. ಈ ಸೂತ್ರದ ಪ್ರಕಾರ ಅದು ಒಂದೂವರೆ ಗಂಟೆಯ ಕೆಲಸ. ರಸ್ತೆಯ ಲೆಕ್ಕದಲ್ಲಿ ಇಪ್ಪತ್ತು ನಿಮಿಷದ ಓಟ. ಯೋಜನೆ 60 ನಿಮಿಷದ ಸುಲಭ ಓಟ ಹೇಳಿದ್ದರೆ ಗುಡ್ಡದಲ್ಲಿಯೂ 60 ನಿಮಿಷವೇ ಇರಲಿ, ದೂರ ಎಷ್ಟಾದರೂ ಆಗಲಿ. ಕಡಿದಾದ ಏರು ಬಂದಾಗ ನಡೆಯಿರಿ. ಮಾತನಾಡಲು ಉಸಿರು ಉಳಿದಿದೆಯೇ ಎಂಬುದೇ ಅಲ್ಲಿ ನಂಬಬಹುದಾದ ಮಾಪಕ.

ಆದರೆ ಏರಿಕೆಗಿಂತ ನಾನು ಹೆಚ್ಚು ಎಚ್ಚರಿಸುವುದು ಇಳಿಕೆಯ ಬಗ್ಗೆ. ಏರುವಾಗ ಉಸಿರು ಕಟ್ಟಿ ದೇಹವೇ ನಮ್ಮನ್ನು ತಡೆಯುತ್ತದೆ. ಇಳಿಯುವಾಗ ಎದೆಬಡಿತ ಇಳಿದಿರುತ್ತದೆ, ಕೈಗಡಿಯಾರ ಸುಲಭ ಓಟವೆಂದೇ ತೋರಿಸುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯುಗಳು ಉದ್ದಕ್ಕೆ ಎಳೆಯಲ್ಪಡುತ್ತಲೇ ಬಿಗಿಹಿಡಿದು ದೇಹದ ಭಾರಕ್ಕೆ ಬ್ರೇಕ್ ಹಾಕುತ್ತಿರುತ್ತವೆ. ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಹಾನಿ ಹೆಚ್ಚಾಗಿ ಆಗುವುದು ಈ ಬಗೆಯ ಕೆಲಸದಲ್ಲಿಯೇ, ಮತ್ತು ಅದರ ನೋವು ತಕ್ಷಣ ಬರದೆ 24ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಾಗುತ್ತದೆ. ಭಾನುವಾರ ಸಿಂಹಗಡ ಇಳಿದವರು ಮಂಗಳವಾರ ನಡುನಡುವೆ ವಿರಾಮ ಕೊಟ್ಟು ವೇಗವಾಗಿ ಓಡುವ ಇಂಟರ್ವಲ್ ಓಟಕ್ಕೆ ನಿಂತರೆ, ಸ್ನಾಯು ಇನ್ನೂ ದುರ್ಬಲವಾಗಿರುವ ಹೊತ್ತಿನಲ್ಲಿ ಅದರಿಂದ ಅತಿ ಕಠಿಣ ಕೆಲಸ ಕೇಳಿದಂತಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಒಂದು ಸಣ್ಣ ಇಳಿಜಾರಿನ ಅಭ್ಯಾಸವೂ ಸ್ನಾಯುವಿಗೆ ಕೆಲವು ವಾರಗಳ ಮಟ್ಟಿಗೆ ರಕ್ಷಣೆ ಕೊಡುತ್ತದೆ. ಎರಡನೆಯ ಬಾರಿ ಅಷ್ಟೇ ಇಳಿದರೂ ನೋವು ಗಮನಾರ್ಹವಾಗಿ ಕಡಿಮೆ. ಆದ್ದರಿಂದ ಮೊದಲ ಪ್ರಮಾಣ ಚಿಕ್ಕದಾಗಿರಲಿ. ತಳಜಾಯಿ ಗುಡ್ಡದ ಅಗಲವಾದ ಮಣ್ಣಿನ ದಾರಿಯಲ್ಲಿ 40 ನಿಮಿಷದಿಂದ ತೊಡಗಿ, ಕೆಲವು ವಾರ ವೇತಾಳ ಟೇಕಡಿಯಲ್ಲಿ ಕಳೆದ ಮೇಲೆ ಸಿಂಹಗಡದ ಯೋಚನೆ ಮಾಡಿದರೆ ಸಾಕು.

ವಾರದಲ್ಲಿ ಇದನ್ನು ಎಲ್ಲಿ ಇಡಬೇಕು? ಗುಡ್ಡದ ಓಟ ಯೋಜನೆಗೆ ಹೆಚ್ಚುವರಿಯಾಗಿ ಸೇರಬಾರದು, ಒಂದು ಸುಲಭ ಓಟದ ಜಾಗವನ್ನು ತೆಗೆದುಕೊಳ್ಳಬೇಕು. ಅದಕ್ಕೂ ಮುಂದಿನ ಕಠಿಣ ಓಟಕ್ಕೂ ನಡುವೆ ಪೂರ್ತಿ ಎರಡು ದಿನದ ಅಂತರವಿರಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ದೀರ್ಘ ಓಟವನ್ನೇ ಗುಡ್ಡಕ್ಕೆ ಒಯ್ಯಬಹುದು. ಟೆಂಪೋ ಓಟ, ಅಂದರೆ ತುಸು ಕಠಿಣ ವೇಗವನ್ನು ಒಂದೇ ಸಮನೆ ಕಾಯ್ದುಕೊಳ್ಳುವ ಓಟ, ಮತ್ತು ಮ್ಯಾರಥಾನ್ ವೇಗದ ಓಟಗಳು ಮಾತ್ರ ಎಂದಿಗೂ ಸಮತಟ್ಟಾದ ರಸ್ತೆಯವೇ, ಏಕೆಂದರೆ ಒಂದೇ ಲಯವನ್ನು ಗಂಟೆಗಟ್ಟಲೆ ಕಾಯ್ದುಕೊಳ್ಳುವುದನ್ನು ಕಲ್ಲುಮಣ್ಣಿನ ದಾರಿ ಕಲಿಸಲಾರದು. ನವೆಂಬರ್ ನಂತರ ಗುಡ್ಡದ ಪಾಲು ಕುಗ್ಗಲಿ, ಕೊನೆಯ ಮೂರು ವಾರ ಪೂರ್ತಿ ನಿಲ್ಲಲಿ. ಮುಂಬೈಯಲ್ಲಿ ಕೊನೆಯ ಹಂತದಲ್ಲಿ ಎದುರಾಗುವ ಪೆಡ್ಡರ್ ರೋಡಿನ ಏರಿಗೆ ಬೇಕಾದ ಕಾಲಿನ ಬಲ ಅಷ್ಟರೊಳಗೆ ಕೂಡಿರುತ್ತದೆ.

ನೆಲದ ಗುಣವೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ಕಪ್ಪು ಬಸಾಲ್ಟ್ ಬಂಡೆಗಳ ಮೇಲೆ ಪಾಚಿ ಕಟ್ಟುತ್ತದೆ. ಆಳವಾದ ಹಲ್ಲುಗಳ ಶೂ ಕೆಸರಿನಲ್ಲಿ ಹಿಡಿಯುತ್ತದೆಯೇ ಹೊರತು ಒದ್ದೆ ಬಂಡೆಯ ಮೇಲೆ ಅದನ್ನು ನಂಬುವಂತಿಲ್ಲ. ಅಕ್ಟೋಬರ್ ಕಳೆದು ಹುಲ್ಲು ಒಣಗಿದರೆ ಅದೇ ದಾರಿಯಲ್ಲಿ ಸಡಿಲ ಮುರಂ, ಅಂದರೆ ಜಲ್ಲಿಯಂಥ ಮಣ್ಣು, ಮೇಲೇಳುತ್ತದೆ, ಇಳಿಜಾರಿನಲ್ಲಿ ಅದು ಪಾಚಿಯಷ್ಟೇ ಜಾರುತ್ತದೆ. ಎರಡಕ್ಕೂ ಉಪಾಯ ಒಂದೇ: ಹೆಜ್ಜೆ ಚಿಕ್ಕದು ಮಾಡಿ, ಹಿಂದಕ್ಕೆ ವಾಲದೆ, ನೋಟವನ್ನು ಮೂರು ನಾಲ್ಕು ಹೆಜ್ಜೆ ಮುಂದಿಡುವುದು. ಮನೆಯಲ್ಲಿ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ, ಆಮೇಲೆ ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸ, ಮೆಟ್ಟಿಲಿನಿಂದ ನಿಧಾನವಾಗಿ ಒಂದೇ ಕಾಲಿನ ಬಲದಲ್ಲಿ ಕೆಳಗಿಳಿಯುವ ಅಭ್ಯಾಸ, ಇವೆರಡನ್ನು ಗುಡ್ಡಕ್ಕೆ ಹೋಗುವ ಒಂದು ತಿಂಗಳ ಮೊದಲೇ ಆರಂಭಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಇಷ್ಟರ ಮೇಲೂ ಪಾದ ಒಳಕ್ಕೆ ಮಡಚಿ ಹರಡು ಉಳುಕಬಹುದು. ಆಗ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಅಥವಾ ಹರಡಿನ ಎರಡೂ ಬದಿಯ ಗಂಟುಮೂಳೆಯ ತುದಿಯನ್ನಾಗಲಿ ಹಿಂಬದಿಯ ಅಂಚನ್ನಾಗಲಿ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸಿಯೇ ಮುಂದುವರಿಯಬೇಕು. ಮೂಳೆ ಸರಿಯಿದ್ದರೂ, ನೋವಾದ ಒಂಟಿ ಕಾಲಿನ ಮೇಲೆ ಕುಪ್ಪಳಿಸುವುದು ಇನ್ನೊಂದು ಕಾಲಿನಷ್ಟೇ ಸರಾಗವಾಗುವವರೆಗೆ ಓಟ ಬೇಡ. ಆಮೇಲೂ ಮೊದಲು ರಸ್ತೆ, ನಂತರ ತಳಜಾಯಿಯ ಸಪಾಟು ಮಣ್ಣು, ಇಳಿಜಾರು ಎಲ್ಲಕ್ಕಿಂತ ಕೊನೆಗೆ.